ಅಜ್ಜಿ ಬಿಡೋದಿಲ್ಲ

ಕೆಂಪು ದೀಪ ಬಿದ್ದಿದ್ದರಿಂದ ಎವರಿಸ್ಟೊ ಲೊಂಗೋರಿಯಾ ತನ್ನದೇ ಮುಖದ ಹಿಂದೆ ಕಾರು ನಿಲ್ಲಿಸಬೇಕಾಯಿತು. ಬಸ್ಸಿನ ಬೆನ್ನ ತುಂಬ, ಕಿಟಕಿಯಿಂದ ಹಿಡಿದು ಹೊಗೆಯ ಕೊಳವೆಯವರೆಗೆ, ವಿಶ್ವವಿದ್ಯಾಲಯದ ಜಾಹೀರಾತಿನಲ್ಲಿ ಅವನೇ ಇದ್ದ. ಹಲ್ಲು ಬಿಟ್ಟುಕೊಂಡು, ಕೈ ಕಟ್ಟಿಕೊಂಡು, ಹಿಂದೆ ನೀಲಿ ಬಣ್ಣದ ಸೊನ್ನೆ ಒಂದುಗಳ ಸುರಿಮಳೆ. 'ನಾನು ಆದೆ. ನೀನೂ ಆಗು!' ಎಂದು ಇಂಗ್ಲಿಷ್, ಸ್ಪ್ಯಾನಿಷ್ ಎರಡು ಭಾಷೆಯಲ್ಲೂ ಬರೆದಿತ್ತು. ಏನು ಆದೆ ಎಂದು ಬರೆದಿರಲಿಲ್ಲ. ಜಾಗ ಸಾಲದೆ ಬಿಟ್ಟರೋ, ಇವನನ್ನು ಕೇಳಿದರೆ ಇವನಿಗೂ ಹೇಳಲು ಬರುವುದಿಲ್ಲವೆಂದು ಬಿಟ್ಟರೋ ಗೊತ್ತಿಲ್ಲ. ಹೊಗೆಯ ಕೊಳವೆ ಸರಿಯಾಗಿ ಗಲ್ಲದ ಕೆಳಗೆ ಬಂದಿದ್ದರಿಂದ ಬಸ್ಸು ಗುರ್ರೆಂದಾಗಲೆಲ್ಲ ಕಪ್ಪು ಗಡ್ಡವೊಂದು ಬೆಳೆದು ಕರಗುತ್ತಿತ್ತು. ಆ ಚಿತ್ರ ತೆಗೆದ ದಿನ ಛಾಯಾಗ್ರಾಹಕ, 'ಸ್ವಲ್ಪ ಹೆಮ್ಮೆ, ಸ್ವಲ್ಪ ವಿನಯ, ಎರಡೂ ಬರಲಿ' ಎಂದಿದ್ದ. ಬಂದದ್ದು ಹಲ್ಲು ಮಾತ್ರ. ಪಕ್ಕದ ಸೀಟಿನಲ್ಲಿ ಬೇಕರಿಯ ರಟ್ಟಿನ ಪೆಟ್ಟಿಗೆ ತುಂಬ ಚಿಪ್ಪಿನಾಕಾರದ ಸಿಹಿ ಬನ್ನುಗಳಿದ್ದವು. ಮೈಮೇಲೆ ಆಗತಾನೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಭಾನುವಾರ, ಚರ್ಚಿನ ಪೂಜೆ ಮುಗಿದು ಜನ ಮನೆ ಸೇರುವ ಹೊತ್ತು. ಹೀಗೆ ಹೊರಟವನನ್ನು ಕಂಡರೆ ಯಾರು ಏನು ತಿಳಿಯುತ್ತಾರೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಹಸಿರು ದೀಪ ಬಿದ್ದು ಹಿಂದಿನವರು ಹಾರ್ನ್ ಹೊಡೆದರು. ಮುಖ ಮುಂದೆ ಹೋಯಿತು, ಅವನು ಹಿಂಬಾಲಿಸಿದ.

ಅವನು ಹೊರಟದ್ದು ಅರಾಸೆಲಿಯ ಮನೆಗೆ. ಮೂರನೆಯ ವರ್ಷದ ಕಂಪ್ಯೂಟರ್ ಪದವಿಯ ಹುಡುಗಿ. ವಿಭಾಗದಲ್ಲೇ ಅಂಥ ತಲೆ ಇನ್ನೊಂದಿಲ್ಲ. ಬಡಗಣ ಸಿಯಾಟಲ್‌ನ ದೊಡ್ಡ ಕಂಪನಿಯೊಂದು ಬೇಸಿಗೆಯ ಕೆಲಸಕ್ಕೆ ಅವಳನ್ನು ಕರೆದಿತ್ತು, ನಾಳೆ ಬೆಳಿಗ್ಗೆಯೊಳಗೆ ಉತ್ತರ ಬೇಕೆಂದಿತ್ತು. ಈ ಕಣಿವೆಯಿಂದ, ಮೆಕ್ಸಿಕೊ ಗಡಿಯಂಚಿನ ಈ ವಿಶ್ವವಿದ್ಯಾಲಯದಿಂದ, ಆ ಕಂಪನಿಗೆ ಈವರೆಗೆ ಯಾರೂ ಹೋದವರಿಲ್ಲ. ಮೆಕ್ಸಿಕೊ ಮೂಲದ ಹುಡುಗ ಹುಡುಗಿಯರನ್ನು ಕಂಪ್ಯೂಟರ್ ಪದವಿಗೆ ಸೇರಿಸಿ, ಸೇರಿದವರನ್ನು ಉಳಿಸಿ, ಉಳಿದವರನ್ನು ದಡ ಹತ್ತಿಸುವ 'ಏಣಿ' ಯೋಜನೆಗೆ ಪ್ರೊಫೆಸರ್ ಎವರಿಸ್ಟೊನೇ ಮುಖ್ಯಸ್ಥ. ಏಣಿ ಹಾಕಿ ನಾಲ್ಕು ವರ್ಷವಾದರೂ ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿ ಫೋಟೊ ತೆಗೆಯಲು ಒಬ್ಬರೂ ಸಿಕ್ಕಿರಲಿಲ್ಲ. ಅಂಥದ್ದರಲ್ಲಿ ಗುರುವಾರ ಅರಾಸೆಲಿ ಅವನ ಕೊಠಡಿಯ ಬಾಗಿಲಲ್ಲಿ ನಿಂತು, ಚೀಲದ ಪಟ್ಟಿ ತಿರುಚುತ್ತ, 'ಅಜ್ಜಿ ಬಿಡೋದಿಲ್ಲ, ಪ್ರೊಫೆ' ಎಂದುಬಿಟ್ಟಳು. ಅವನಿಗೆ ದುಃಖವಾಯಿತು, ನಿಜ. ಆದರೆ ದುಃಖದ ಬೆನ್ನಿಗೇ ಒಂದು ಹಾಳು ಸಂತೋಷವೂ ಆಯಿತು. ಯಾಕೆಂದರೆ ಅವನು ಊರೂರು ತಿರುಗಿ ಮಾಡುವ ಭಾಷಣದಲ್ಲಿ ಅದೇ ಇತ್ತು: ನಮ್ಮ ಮಕ್ಕಳು ಅರ್ಧಕ್ಕೆ ನಿಲ್ಲಲು ಮೊದಲ ಕಾರಣ ಮನೆ, ಮನೆಯಲ್ಲೂ ಅಜ್ಜಿ. ಪರದೆಯ ಮೇಲೆ ಶಾಲು ಹೊದ್ದ ಒಬ್ಬ ಮುದುಕಿಯ ಚಿತ್ರ, ಕೆಳಗೆ 'ಅಡೆತಡೆ' ಎಂಬ ಮಾತು. ಆ ಚಿತ್ರ ಬಂದಾಗ ಸಭೆಯಲ್ಲಿ ಎಲ್ಲರೂ ಮೃದುವಾಗಿ ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ಚಿತ್ರಕ್ಕೆ ಜೀವಂತ ಸಾಕ್ಷಿ ಸಿಕ್ಕಂತಾಗಿತ್ತು.

'ನೀವೇ ಹೋಗಿ ಮಾತಾಡಿ' ಎಂದಿದ್ದರು ಡೀನ್ ಹಾಲ್ವರ್ಸನ್. ಉತ್ತರದಿಂದ ಬಂದ ಬಿಳಿಯ ಹೆಂಗಸು, ಒಳ್ಳೆಯವರು, ಎಲ್ಲವನ್ನೂ ನಂಬುವವರು. 'ನೀವು ಅವರ ಪೈಕಿ. ಅವರ ಭಾಷೆ ನಿಮ್ಮದು.' ಅವರ ಭಾಷೆ! ಅವನ ಸ್ಪ್ಯಾನಿಷ್ ಭಾಷೆ ಅಡುಗೆಮನೆಯಲ್ಲಿ ಹುಟ್ಟಿ ಅಡುಗೆಮನೆಯಲ್ಲೇ ನಿಂತುಹೋದದ್ದು. ಉಪ್ಪು, ಹಿಟ್ಟು, ಬಾ, ಕೂತ್ಕೋ, ತಿನ್ನು. ಅದರಾಚೆ ಹೆಜ್ಜೆ ಇಟ್ಟರೆ ಎಡವುತ್ತಿತ್ತು. ಅಪ್ಪ ಶಾಲೆಯಲ್ಲಿ ಆ ಭಾಷೆ ಆಡಿದ್ದಕ್ಕೆ ಪೆಟ್ಟು ತಿಂದವನು. ಮಗನಿಗೆ ಅದರ ಗಾಳಿಯೂ ಸೋಕದಂತೆ ಬೆಳೆಸಿದ. ಆದರೆ ಮನೆಯಲ್ಲಿ ಅಜ್ಜಿ ತೊಮಾಸಾ ಇದ್ದಳು, ಅವಳಿಗೆ ಬೇರೆ ಭಾಷೆಯೇ ಬಾರದು. ಅವಳು ಒಂದರಲ್ಲಿ ಕೇಳುವುದು, ಇವನು ಇನ್ನೊಂದರಲ್ಲಿ ಉತ್ತರಿಸುವುದು, ಹೀಗೇ ಇಪ್ಪತ್ತು ವರ್ಷ ನಡೆಯಿತು. ಇಬ್ಬರಿಗೂ ಅದು ಮಾತುಕತೆ ಅನ್ನಿಸುತ್ತಿತ್ತು. ಹೊರಗಿನವರು ಇವನಂಥವರಿಗೆ ಪೋಚೊ ಅನ್ನುತ್ತಿದ್ದರು, ಬಣ್ಣಗೆಟ್ಟ ಹಣ್ಣಿಗೆ ಹೇಳುವ ಮಾತು. ಅಜ್ಜಿ ಮಾತ್ರ ಹಾಗನ್ನಲಿಲ್ಲ. ಅವಳಿಗೆ ಕಥೆ ಹೇಳುವ ಹುಚ್ಚು. ಅದರಲ್ಲೂ ತನ್ನನ್ನು ಕೇಳಲು ಬಂದ ಮೊದಲನೆಯ ಗಂಡಿನ ಕಡೆಯವರ ಕಥೆ. ಭಾನುವಾರ ಮಧ್ಯಾಹ್ನ, ಬಿಳಿ ಅಂಗಿ ತೊಟ್ಟ ಇಬ್ಬರು ದೊಡ್ಡ ಮನುಷ್ಯರು ಟೊಪ್ಪಿ ಕೈಯಲ್ಲಿ ಹಿಡಿದು ಬಂದರಂತೆ. ಬೇಡ ಎಂದು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ. ಅದಕ್ಕೆ ಅವಳಪ್ಪ ಅವರ ಕೈಗೆ ಒಂದು ಸಿಹಿಗುಂಬಳ ಇಟ್ಟು ಕಳಿಸಿದನಂತೆ. ಊರಿನ ಉದ್ದಕ್ಕೂ ಅದನ್ನು ಹೊತ್ತುಕೊಂಡು ಹೋದರಂತೆ, ಕಿಟಕಿಗಳಲ್ಲಿ ಹೆಂಗಸರು ಕಿಸಿಕಿಸಿ ನಕ್ಕರಂತೆ. ಅಡುಗೆಮನೆಯ ನೆಲದ ಮೇಲೆ ಕೂತು ಎವರಿಸ್ಟೊ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ತೊಮಾಸಾ ಸತ್ತು ಹನ್ನೊಂದು ವರ್ಷ. ಆ ದಿನ ಅವನು ಡೆನ್ವರ್‌ನಲ್ಲಿ ಇದ್ದ, ವಿದ್ಯಾಭ್ಯಾಸದಲ್ಲಿ ಕುಟುಂಬದ ಮಹತ್ವ ಎಂಬ ವಿಷಯದ ಮೇಲೆ ಭಾಷಣ ಮಾಡುತ್ತಿದ್ದ. ಇರಲಿ. ಆದರೆ ವಿಶ್ವವಿದ್ಯಾಲಯದಲ್ಲಿ ಅವಳು ಇನ್ನೂ ಸತ್ತಿರಲಿಲ್ಲ. ಶನಿವಾರದ ಬೆಳಗಿನ ಉಪಾಹಾರ ಕೂಟ, ದಾನಿಗಳ ಜೊತೆ ಗಾಲ್ಫ್, ಹೊಸ ಕಟ್ಟಡದ ಮುಂದೆ ಗುಂಪು ಫೋಟೊ, ಯಾವುದು ಬೇಡವಾದರೂ ಅವನು ದನಿ ತಗ್ಗಿಸಿ, 'ಅಜ್ಜಿಗೆ ಹುಷಾರಿಲ್ಲ' ಅನ್ನುತ್ತಿದ್ದ. ಡೀನ್ ಕೂಡಲೇ ಅವನ ತೋಳು ಮುಟ್ಟಿ, 'ಅಯ್ಯೋ ಹೋಗಿ, ಹೋಗಿ, ಕುಟುಂಬ ಮೊದಲು' ಅನ್ನುತ್ತಿದ್ದರು. ಕಣಿವೆಯಲ್ಲಿ ಅದು ಯಾರೂ ಎದುರಾಡದ ಮಾತು. ಹೋದ ಶುಕ್ರವಾರವೂ ಹೇಳಿದ್ದ. ಸತ್ತ ಮುದುಕಿಯನ್ನು ಇಷ್ಟು ಸಲ ಕಾಯಿಲೆ ಮಲಗಿಸಿದ ಪಾಪ ಎಲ್ಲಿ ತೀರುತ್ತದೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆಮೇಲೆ ಗಾಲ್ಫ್ ನೆನಪಾಗಿ ಮನಸ್ಸು ಹಗುರಾಗುತ್ತಿತ್ತು.

ಊರು ದಾಟಿ ಈರುಳ್ಳಿ ಹೊಲಗಳು ಬಂದವು, ಆಮೇಲೆ ಕಾಲುವೆ, ಕಾಲುವೆಯ ಏರಿಯ ಮೇಲೆ ಬಿಳಿ ಕೊಕ್ಕರೆಗಳು. ಹೇಳಬೇಕಾದ್ದನ್ನು ಅವನು ಸ್ಪ್ಯಾನಿಷ್‌ನಲ್ಲಿ ಬಾಯಿಪಾಠ ಮಾಡುತ್ತಿದ್ದ: ಪೂಜ್ಯರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 'ಭಯ'ಕ್ಕೆ ಮುಂಚೆ ಬರುವ ಮಾತು ಪ್ರತಿ ಸಲವೂ ಕೈಕೊಡುತ್ತಿತ್ತು. ಮೊದಲ ವರ್ಷದ ತರಗತಿಯ ಮುಂದೆ ನಿಂತರೆ ಹೀಗಾಗುತ್ತಿರಲಿಲ್ಲ. ಅಲ್ಲಿ ಅವನು ಹುಲಿ. ಪ್ರತಿ ವರ್ಷ ಮೊದಲ ದಿನ ಕೋಟಿನ ಗುಂಡಿ ಹಾಕಿಕೊಂಡು ಹೇಳುತ್ತಿದ್ದ, 'ನಿಮ್ಮ ಎಡಕ್ಕೆ ನೋಡಿ. ಬಲಕ್ಕೆ ನೋಡಿ. ಮೂವರಲ್ಲಿ ಒಬ್ಬರು ಈ ತರಗತಿ ಮುಗಿಯುವ ಹೊತ್ತಿಗೆ ಇಲ್ಲಿರುವುದಿಲ್ಲ.' ಅವನ ಗುರುಗಳು ಅವನಿಗೆ ಹಾಗೆ ಹೇಳಿದ್ದರು, ಅವನು ಹಲ್ಲು ಕಚ್ಚಿ ಓದಿ ಉಳಿದಿದ್ದ. ತರಗತಿ ಜರಡಿ ಇದ್ದ ಹಾಗಿರಬೇಕು ಎಂಬುದು ಅವನ ನಂಬಿಕೆ. ಬೆಳಿಗ್ಗೆ ಜರಡಿ ಹಿಡಿದು ಮಧ್ಯಾಹ್ನ ಏಣಿ ಹಿಡಿಯುವವನನ್ನು ಕಂಡರೆ ಬೇರೆ ಯಾರಾದರೂ ನಗುತ್ತಿದ್ದರೇನೋ. ವಿಶ್ವವಿದ್ಯಾಲಯ ಅವನಿಗೆ ಎರಡಕ್ಕೂ ಪ್ರಶಸ್ತಿ ಕೊಟ್ಟಿತ್ತು.

ಮನೆಯ ಅಂಗಳದಲ್ಲಿ ಮೆಸ್ಕೀಟ್ ಕಟ್ಟಿಗೆಯ ಹೊಗೆ ತುಂಬಿತ್ತು. ದಪ್ಪ ಮೈಯ, ಮೂವತ್ತು ದಾಟಿದ ಗಂಡಸೊಬ್ಬ ಕೆಂಡದ ಮೇಲೆ ಮಾಂಸ ಮಗುಚುತ್ತಿದ್ದ. ಬಿಳಿ ಅಂಗಿ, ಕೈಯಲ್ಲಿ ಪೆಟ್ಟಿಗೆ ಕಂಡು ಇಕ್ಕಳ ಗಾಳಿಯಲ್ಲೇ ನಿಲ್ಲಿಸಿದ.

'ಓಹೋಹೋ, ಬಸ್ಸಿನ ಪ್ರೊಫೆ! ಬನ್ನಿ ಬನ್ನಿ. ಬಸ್ಸಲ್ಲಿ ಇದಕ್ಕಿಂತ ದೊಡ್ಡದಾಗಿ ಕಾಣ್ತೀರ.'

'ಅರಾಸೆಲಿ ಮನೆ ಇದೇ ಅಲ್ವಾ? ಅವರಜ್ಜೀನ ನೋಡೋಣ ಅಂತ ಬಂದೆ.'

'ಇದೇ, ಇದೇ. ನಾನು ಚೇಮಾ, ಅವಳ ಸೋದರಮಾವ. ನಿಮ್ಮ ಸ್ಟೂಡೆಂಟು ನಾನೂ.'

ಎವರಿಸ್ಟೊ ಆ ಮುಖವನ್ನು ನೋಡಿದ. ಎಲ್ಲಿಯೂ ಏನೂ ನೆನಪಾಗಲಿಲ್ಲ. 'ಹೌದಲ್ಲ! ಚೇಮಾ! ಹೇಗಿದೀಯಪ್ಪ? ಎಷ್ಟು ವರ್ಷ ಆಯ್ತು!' ಎಂದು ಜೋರಾಗಿ ಅಂದು, ಅಷ್ಟು ಜೋರಾಗಿ ಅಂದದ್ದಕ್ಕೇ ಸಿಕ್ಕಿಬಿದ್ದ.

'ನೆನಪಿಲ್ಲ ಬಿಡಿ ಪ್ರೊಫೆ, ಪರವಾಗಿಲ್ಲ' ಎಂದು ಚೇಮಾ ನಕ್ಕ. 'ಕೊನೇ ಬೆಂಚು, ಏಸಿ ಕೆಳಗೆ ಕೂತಿದ್ದೆ. ಅದೊಂದು ಕಟಕಟ ಅಂತಿತ್ತು ಯಾವಾಗ್ಲೂ. ಈಗ ಏಸಿ ರಿಪೇರಿನೇ ಕಸುಬು. ನಿಮ್ಮ ಕ್ಲಾಸು ದಂಡ ಆಗ್ಲಿಲ್ಲ ನೋಡಿ.'

ಒಳಗಿನಿಂದ ಸೊಳ್ಳೆಬಲೆಯ ಬಾಗಿಲು ತಳ್ಳಿಕೊಂಡು ದೋನ್ಯಾ ಎಲೋಯ್ಸಾ ಬಂದಳು. ಅರಾಸೆಲಿಯ ಅಜ್ಜಿ, ದೋನ್ಯಾ ಎಂಬುದು ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ. ಭಾಷಣದ ಪರದೆಯ ಮೇಲಿನ ಮುದುಕಿಯ ಹಾಗೆ ಶಾಲು ಹೊದ್ದಿರಲಿಲ್ಲ. ಯಾವುದೋ ಬೇಸ್‌ಬಾಲ್ ತಂಡದ ಅಂಗಿ ತೊಟ್ಟಿದ್ದಳು, ಕಾಲಲ್ಲಿ ಓಟದ ಬೂಟು. ಜಗಲಿಯ ಮೆಟ್ಟಿಲ ಮೇಲೆ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಗಿಯ ಇಸ್ತ್ರಿ, ಬನ್ನಿನ ಪೆಟ್ಟಿಗೆ, ಬೆವರಿದ ಹಣೆ.

'ಯಾರ ಕಡೆಯಿಂದ ಬಂದ್ರಿ?' ಎಂದು ಕೇಳಿದಳು.

ಬಾಯಿಪಾಠ ಮಾಡಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. 'ಸಿಯಾಟಲ್ ಕಡೆಯಿಂದ, ಅಮ್ಮ' ಎಂದ.

'ಅಷ್ಟು ದೂರವಾ! ಹುಡುಗ ಏನು ಮಾಡ್ಕೊಂಡಿದಾನೆ?'

ಕೆಂಡದ ಹತ್ತಿರ ಚೇಮಾ ಬೆನ್ನು ತಿರುಗಿಸಿಕೊಂಡ. ಅವನ ಭುಜ ಕುಲುಕುತ್ತಿತ್ತು. ಆಗ ಎವರಿಸ್ಟೊನಿಗೆ ತನ್ನ ಅಂಗಿ ಕಂಡಿತು, ಪೆಟ್ಟಿಗೆ ಕಂಡಿತು, ಭಾನುವಾರ ಕಂಡಿತು. ತೊಮಾಸಾಳ ಕಥೆಯ ದೊಡ್ಡ ಮನುಷ್ಯರು ನೆನಪಾಗಿ ಕಿವಿ ಬಿಸಿಯಾಯಿತು. ಐವತ್ತು ವರ್ಷದ ಮೇಷ್ಟರು ಹೆಣ್ಣು ಕೇಳುವ ವೇಷ ಹಾಕಿಕೊಂಡು ಶಿಷ್ಯೆಯ ಮನೆ ಬಾಗಿಲಲ್ಲಿ! ಭೂಮಿ ಬಾಯ್ಬಿಟ್ಟರೆ ಇಳಿದುಹೋಗುತ್ತಿದ್ದ, ಬನ್ನುಗಳ ಸಮೇತ.

'ಅಯ್ಯೋ, ಇಲ್ಲ ಇಲ್ಲ ಅಮ್ಮ, ಹುಡುಗ ಅಲ್ಲ, ಕಂಪನಿ. ಕೆಲಸ. ನಾನು ಅವಳ ಪ್ರೊಫೆಸರು...'

'ಗೊತ್ತು ಮಿಹೋ, ಕೂತ್ಕೋ' ಎಂದು ಮುದುಕಿ ಮಗನನ್ನು ಕರೆಯುವಂತೆ ಕರೆದು ಕುರ್ಚಿ ತೋರಿಸಿದಳು. ಕಣ್ಣಲ್ಲಿ ನಗು ಇತ್ತು. 'ಆದ್ರೆ ಎರಡೂ ಒಂದೇ ಅಲ್ವಾ? ದೂರದಲ್ಲಿರೋ ಯಾರಿಗೋ ನಮ್ಮ ಹುಡುಗಿ ಬೇಕಾಗಿದಾಳೆ. ಅವರು ಬರೋದಿಲ್ಲ, ನಿನ್ನ ಕಳ್ಸಿದಾರೆ. ಹೇಳು, ಏನು ಹೇಳ್ಬೇಕು ಅಂತ ಬಂದೆ?'

ಅವನು ಹೇಳಿದ. ಭಯ ಅರ್ಥವಾಗುತ್ತದೆ ಎಂದ. ಮಾತು ಎಡವಿತು, ಎದ್ದಿತು, ಅರ್ಧ ಆ ಭಾಷೆ ಅರ್ಧ ಈ ಭಾಷೆಯಲ್ಲಿ ತೆವಳಿತು. ಬೇಸಿಗೆ ಮಾತ್ರ, ಆಮೇಲೆ ಮರಳಿ ಬರುತ್ತಾಳೆ. ಅಲ್ಲಿ ಹುಡುಗಿಯರಿಗೇ ಬೇರೆ ವಸತಿ ಇದೆ. ಅವಳೊಬ್ಬಳು ಹೋದರೆ ಹಿಂದೆ ನೂರು ಜನ ಹೋಗುತ್ತಾರೆ. ಹಿರಿಯರು ದೊಡ್ಡ ಮನಸ್ಸು ಮಾಡಬೇಕು. ಕೊನೆಕೊನೆಗೆ ತನ್ನ ದನಿಗೆ ತಾನೇ ಮರುಗಿ ಅವನ ಕಣ್ಣು ತುಂಬಿಬಂತು. ಡೆನ್ವರ್‌ನಲ್ಲಿ ಆಗಿದ್ದರೆ ಇಲ್ಲಿಗೆ ಚಪ್ಪಾಳೆ ಬೀಳಬೇಕಿತ್ತು.

ದೋನ್ಯಾ ಎಲೋಯ್ಸಾ ಬನ್ನೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

'ನಾನು ಬಿಡೋದಿಲ್ಲ ಅಂತ ಯಾರು ಹೇಳಿದ್ದು?'

'ಅರಾಸೆಲಿನೇ.'

'ನಾನಾ?' ಮುದುಕಿ ಚೇಮಾನ ಕಡೆ ತಿರುಗಿದಳು. 'ಕೇಳ್ದೇನೋ? ನಾನು ಬಿಡೋದಿಲ್ವಂತೆ!' ಮತ್ತೆ ಇವನ ಕಡೆ. 'ನನಗೆ ಹದಿನಾರು ತುಂಬಿರಲಿಲ್ಲ, ಲಾರಿ ಹಿಂದೆ ನಿಂತ್ಕೊಂಡು ಮಿಶಿಗನ್ ತನಕ ಹೋದೆ ಬೀಟ್‌ರೂಟ್ ಕೀಳೋಕೆ. ಅಲ್ಲಿಂದ ಓಹಾಯೊ, ಟೊಮೇಟೊ ಬಿಡಿಸೋಕೆ. ನೀನು ನೋಡಿದ್ದಕ್ಕಿಂತ ಜಾಸ್ತಿ ಉತ್ತರ ನೋಡಿದೀನಿ ಮಿಹೋ. ಸಿಯಾಟಲ್‌ಗೆ ಹೋಗೋದಾದ್ರೆ ನಾನೇ ಅವಳ ಪೆಟ್ಟಿಗೆ ತುಂಬ್ತೀನಿ. ಇವಳು ನನ್ನ ಹೆಸರು ಕೆಡಿಸ್ತಾಳಾ? ಇರು.' ಬಲೆಯ ಬಾಗಿಲು ದಡಾರನೆ ಬಡಿಯಿತು. ಒಳಗಿನಿಂದ, 'ಅರಾಸೆಲೀ!' ಎಂಬ ಕೂಗು ಕೇಳಿಸಿತು.

ಜಗಲಿಯ ಕುರ್ಚಿಯಲ್ಲಿ ಎವರಿಸ್ಟೊ ಒಬ್ಬನೇ ಉಳಿದ. ಗೆದ್ದೆನೇ? ಅಜ್ಜಿ ಒಪ್ಪಿದ್ದಾಳೆ, ಅಂದರೆ ಗೆದ್ದಂತೆಯೇ. ನಾಳೆ ಡೀನ್ ಮುಂದೆ ಹೇಳುವ ಮಾತು ಆಗಲೇ ತಲೆಯಲ್ಲಿ ಜೋಡಿಸಿಕೊಳ್ಳುತ್ತಿತ್ತು: ಕಷ್ಟವಾಯಿತು, ಆದರೆ ಅವರ ಭಾಷೆಯಲ್ಲಿ, ಅವರ ರೀತಿಯಲ್ಲಿ. ಬಸ್ಸಿನ ಹಿಂದೆ ಇನ್ನು ಇಬ್ಬರ ಮುಖ ಹಾಕಬಹುದು, ಅವನದು ಸ್ವಲ್ಪ ಚಿಕ್ಕದಾಗಿ. ಆದರೂ ಒಳಗೆ ಏನೋ ಚುಚ್ಚುತ್ತಿತ್ತು. ಅಜ್ಜಿ ತಡೆದಿಲ್ಲವೆಂದರೆ ಆ ಹುಡುಗಿ ಯಾಕೆ ಹಾಗೆ ಹೇಳಿದಳು? ಅರಾಸೆಲಿ ಕೆಲವು ವಾರದ ಹಿಂದೆ ವಿಭಾಗದ ಮೊಗಸಾಲೆಯಲ್ಲಿ ಅವನ ಪಕ್ಕ ಪಕ್ಕವೇ ನಡೆಯುತ್ತ ಏನೋ ಹೇಳಿದ್ದಳು. ನೀರು ಎಂದಿದ್ದಳು. ತೂಬು ಎಂದಿದ್ದಳು. ಅವಳ ಕಣ್ಣು ಹೊಳೆಯುತ್ತಿತ್ತು. ಅವನು ಫೋನಿನಲ್ಲಿ ಬಸ್ಸಿಗೆ ಯಾವ ಹಲ್ಲಿನ ಚಿತ್ರ ಹಾಕುವುದೆಂದು ಆರಿಸುತ್ತಿದ್ದ. 'ಒಳ್ಳೇದು, ಒಳ್ಳೇದು' ಎಂದಿದ್ದ.

'ಪ್ರೊಫೆ, ತಿನ್ನಿ' ಎಂದು ಚೇಮಾ ಬಿಸಿ ತೋರ್ತಿಯಾ ರೊಟ್ಟಿಯಲ್ಲಿ ಮಾಂಸ ಸುತ್ತಿ ಕೊಟ್ಟು ಮೆಟ್ಟಿಲ ಮೇಲೆ ಕೂತ. 'ಒಂದು ಕೇಳ್ಲಾ? ಮತ್ತೆ ಕಾಲೇಜಿಗೆ ಸೇರೋಣ ಅಂತಿದೀನಿ. ಅರಾಸೆಲಿ ಪ್ರಾಣ ತಿಂತಿದಾಳೆ, ಸೇರ್ಕೋ ಮಾಮ, ಸೇರ್ಕೋ ಮಾಮ ಅಂತ.'

'ಅಯ್ಯೋ, ಖಂಡಿತ ಸೇರ್ಕೋ! ಏಣಿ ಯೋಜನೆ ಇರೋದೇ ಅದಕ್ಕೆ' ಎಂದು ಎವರಿಸ್ಟೊ ಹುಮ್ಮಸ್ಸಿನಿಂದ ಬಾಗಿದ. 'ಅವತ್ತು ಯಾಕೆ ಬಿಟ್ಟೆ? ಮನೇಲಿ ತೊಂದರೆಯಾ?'

'ಇಲ್ಲ. ನೀವು ಹೇಳಿದ್ರಲ್ಲ.'

'ನಾನಾ?'

'ಮೊದಲ ದಿನ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮೂವರಲ್ಲಿ ಒಬ್ಬರು ಇರೋದಿಲ್ಲ ಅಂದ್ರಿ. ಎಡಕ್ಕೆ ನೋಡಿದೆ, ನಮ್ಮ ಚಿಕ್ಕಪ್ಪನ ಮಗ ಬೆತೊ. ಬಲಕ್ಕೆ ನೋಡಿದೆ, ಅತ್ತೆ ಮಗಳು ನೋರ್ಮಾ. ಇಬ್ರೂ ನನಗಿಂತ ಬುದ್ಧಿವಂತ್ರು. ಒಬ್ಬರು ಹೋಗ್ಲೇಬೇಕು ಅಂದ್ರೆ ನಾನು ಹೋಗೋದೇ ಸರಿ ಅನ್ನಿಸ್ತು. ಎದ್ದು ಬಂದೆ.'

ಅದು ಹಾಗಲ್ಲ, ಅದು ಹುರುಪು ಬರಲಿ ಎಂದು ಹೇಳುವ ಮಾತು, ಸ್ಪರ್ಧೆ, ಅಂಕಿಅಂಶ ಎಂದು ಎವರಿಸ್ಟೊನಿಗೆ ಹೇಳಬೇಕೆನಿಸಿತು. ಅವನ ಗುರುಗಳ ತರಗತಿಯಲ್ಲಿ ಎಡಕ್ಕೂ ಬಲಕ್ಕೂ ಕೂತವರು ಗುರುತಿಲ್ಲದವರು. ಅವರು ಹೋದರೆ ಅವನಿಗೇನು? ಇಲ್ಲಿ, ಈ ಕಣಿವೆಯಲ್ಲಿ, ಎಡಕ್ಕೂ ಬಲಕ್ಕೂ ನೆಂಟರೇ ಕೂತಿರುತ್ತಾರೆ ಎಂಬುದು ಹದಿನೆಂಟು ವರ್ಷ ಅದೇ ಮಾತನ್ನು ಹೇಳುತ್ತ ಬಂದರೂ ತಲೆಗೆ ಹೋಗಿರಲಿಲ್ಲ.

'ಅವರಿಬ್ರು? ಬೆತೊ, ನೋರ್ಮಾ? ಪಾಸಾದ್ರಾ?'

'ಎಲ್ಲಿ ಪ್ರೊಫೆ, ಮುಂದಿನ ವಾರ ಅವರೂ ಬಿಟ್ರು' ಎಂದು ಚೇಮಾ ಕೆಂಡದ ಕಡೆ ನೋಡಿದ. 'ಕಾರು ಇದ್ದಿದ್ದು ನನ್ನ ಹತ್ರ. ನಾನಿಲ್ದೆ ಅವರು ಅಷ್ಟು ದೂರ ಹೆಂಗೆ ಬರ್ತಾರೆ?'

ನಗಬೇಕೋ ಅಳಬೇಕೋ ತಿಳಿಯದೆ ಎವರಿಸ್ಟೊ ಎರಡಕ್ಕೂ ನಡುವಿನ ಒಂದು ಸದ್ದು ಮಾಡಿದ. ಅಷ್ಟರಲ್ಲಿ ಬಲೆಯ ಬಾಗಿಲು ತೆರೆಯಿತು. ಅರಾಸೆಲಿ ಬಂದಳು. ಅತ್ತ ಕಣ್ಣು ಕೆಂಪಾಗಿತ್ತು, ಆದರೆ ಮುಖ ಗಟ್ಟಿಯಾಗಿತ್ತು. ಎರಡೂ ತೋಳಲ್ಲಿ ತಬ್ಬಿ ಹಿಡಿದು ಒಂದು ಸಿಹಿಗುಂಬಳ ತಂದಿದ್ದಳು. ಹೋದ ವರ್ಷದ ಬೆಳೆಯದು, ಅಟ್ಟದಲ್ಲಿ ಇಟ್ಟು ಮಾಗಿದ್ದು, ಮಣ್ಣಿನ ಬಣ್ಣ. ಬಂದವಳೇ ಅವನ ತೊಡೆಯ ಮೇಲೆ ಇಟ್ಟಳು.

ಭಾರಕ್ಕೆ ಅವನು ಕುರ್ಚಿಯೊಳಗೆ ಕುಸಿದ. ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಹೊಟ್ಟೆ ಹಿಡಿದು ನಕ್ಕವನಲ್ಲವೆ ಅವನು.

'ಅಜ್ಜಿ ಮನಸ್ಸು ಬದಲಾಯಿಸಿದ್ರಾ?' ಎಂದು ಸಣ್ಣ ದನಿಯಲ್ಲಿ ಕೇಳಿದ.

'ಅಜ್ಜಿ ಒಪ್ಪಿದಾರೆ ಪ್ರೊಫೆ. ಕುಂಬಳಕಾಯಿ ನಂದು.'

ಒಳಗಿನಿಂದ ಮುದುಕಿಯ ದನಿ ಬಂತು. 'ಇನ್ನೂ ಹೇಳು! ಬಾಯಿ ಬಿಟ್ಟು ಹೇಳು! ನನ್ನ ಲಂಗದ ಹಿಂದೆ ಬಚ್ಚಿಟ್ಕೊಂಡಿದ್ದು ಸಾಕು!'

ಅರಾಸೆಲಿ ಉಸಿರೆಳೆದುಕೊಂಡಳು. 'ನಂಗೆ ಸಿಯಾಟಲ್ ಬೇಡ, ಪ್ರೊಫೆ. ನೀರಾವರಿ ಕಚೇರಿಯವರು ಬೇಸಿಗೆಗೆ ಕೆಲಸ ಕೊಟ್ಟಿದಾರೆ. ನಾನೇ ಹೋಗಿ ಕೇಳ್ದೆ. ನಮ್ಮಜ್ಜ ಇಲ್ಲಿ ನೀರುಗಂಟಿ ಆಗಿದ್ರು, ತೂಬು ತೆಗೆಯೋಕೆ ರಾತ್ರಿಯೆಲ್ಲ ಏರಿ ಮೇಲೆ ಓಡಾಡಿ ಓಡಾಡಿ ಸತ್ರು. ಈಗ್ಲೂ ಹಾಗೇ ನಡೀತಿದೆ. ಯಾವ ಹೊಲಕ್ಕೆ ಯಾವಾಗ ಎಷ್ಟು ನೀರು ಅಂತ ತೂಬು ತಾನೇ ತಿಳ್ಕೊಂಡು ತೆರ್ಕೊಳ್ಳೋ ಹಾಗೆ ಪ್ರೋಗ್ರಾಂ ಬರೀತೀನಿ. ಅರ್ಧ ಬರ್ದಾಗಿದೆ. ನಿಮಗೆ ಹೇಳಿದ್ದೆ.'

'ಹೌದು, ಹೇಳಿದ್ದೆ' ಎಂದು ಅವನು ಒಪ್ಪಿಕೊಂಡ.

'ಒಳ್ಳೇದು, ಒಳ್ಳೇದು ಅಂದ್ರಿ. ಮಾರನೇ ದಿನವೇ ನನ್ನ ಹೆಸರು ಸಿಯಾಟಲ್‌ಗೆ ಕಳಿಸಿಬಿಟ್ಟಿದ್ರಿ.'

'ಮತ್ತೆ ಗುರುವಾರ ಇದನ್ನೇ ಹೇಳ್ಬಹುದಿತ್ತಲ್ಲಮ್ಮ. ಬೇಡ ಅಂತ.'

'ಮೇಷ್ಟರ ಮುಖಕ್ಕೆ ಬೇಡ ಅನ್ನೋಕಾಗುತ್ತಾ?' ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. 'ಅದಕ್ಕೇ ಅಜ್ಜಿ ಬಿಡೋದಿಲ್ಲ ಅಂದೆ. ಎಲ್ರೂ ಹಾಗೇ ಅಲ್ವಾ ಹೇಳೋದು? ನೀವು ನಮ್ಮವರು, ಅರ್ಥ ಮಾಡ್ಕೊಂಡು ಸುಮ್ನಾಗ್ತೀರ ಅಂದ್ಕೊಂಡೆ. ನೀವು ನಿಜ ಅಂದ್ಕೊಂಡು ಬನ್ನು ಕಟ್ಟಿಸ್ಕೊಂಡು ಬಂದುಬಿಟ್ರಿ.'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎವರಿಸ್ಟೊನಿಗೆ ಹೆಗಲು ಮುಟ್ಟಿಕೊಳ್ಳಲೂ ಕೈ ಬಿಡುವಿರಲಿಲ್ಲ. ವಾರಕ್ಕೊಮ್ಮೆ ಅಜ್ಜಿಯನ್ನು ಕಾಯಿಲೆ ಮಲಗಿಸುವವನು, ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಬಂದಾಗ ಗುರುತು ಹಿಡಿಯಲಿಲ್ಲ. ಹಿಡಿಯುವ ಬದಲು ಅದಕ್ಕೊಂದು ಚಿತ್ರ ಬರೆಸಿ, ಅಡೆತಡೆ ಎಂದು ಹೆಸರಿಟ್ಟು, ಸಭೆಸಭೆಯಲ್ಲಿ ಕಣ್ಣೀರು ಹಾಕಿಸಿದ. ಇಷ್ಟು ವರ್ಷ ಅವನಿಗೆ 'ಅಜ್ಜಿ ಬಿಡೋದಿಲ್ಲ' ಎಂದು ಹೇಳಿ ಹೋದ ಹುಡುಗ ಹುಡುಗಿಯರೆಲ್ಲ ಸಾಲಾಗಿ ಕಣ್ಣಮುಂದೆ ನಿಂತರು. ಅವರಲ್ಲಿ ಎಷ್ಟು ಜನ ಅವನಿಗೇ ಬೇಡ ಎಂದು ಹೇಳುತ್ತಿದ್ದರೋ! ಅವನ ತರಗತಿ ಬೇಡ, ಅವನ ಜರಡಿ ಬೇಡ, ಅವನ ಹಲ್ಲು ಬೇಡ. ಎಲ್ಲರೂ ಮರ್ಯಾದೆಯಿಂದ ಒಂದೊಂದು ಕುಂಬಳಕಾಯಿ ಕೊಟ್ಟು ಹೋಗಿದ್ದರು, ಅವನು ಅದನ್ನು ತರಕಾರಿ ಎಂದು ತಿಳಿದು ಬೇಯಿಸಿ ತಿಂದಿದ್ದ. ನಾಚಿಕೆಯಾಯಿತು. ಅಂಗಿಯೊಳಗೆ ಬೆವರು ಇಳಿಯುವಷ್ಟು ನಾಚಿಕೆಯಾಯಿತು.

ಅವನು ಎದ್ದ. ಕುಂಬಳಕಾಯಿಯನ್ನು ಕೆಳಗಿಟ್ಟರೆ ಅವಮಾನ ಮಾಡಿದಂತೆ ಎಂದು ಎತ್ತಿಕೊಂಡೇ ಎದ್ದ.

'ತೂಬಿನ ಪ್ರೋಗ್ರಾಂ ನನಗೆ ತೋರಿಸ್ತೀಯಾ? ಯಾವಾಗಲಾದ್ರೂ?'

ಅರಾಸೆಲಿ ಅನುಮಾನದಿಂದ ನೋಡಿದಳು. 'ಬಸ್ಸಿಗೆ ಹಾಕ್ತೀರಾ?'

'ಇಲ್ಲ.'

'ಹಾಗಾದ್ರೆ ತೋರಿಸ್ತೀನಿ.'

ಚೇಮಾ ಕಾರಿನವರೆಗೆ ಬಂದು ಬಾಗಿಲು ತೆಗೆದುಕೊಟ್ಟ. 'ಪ್ರೊಫೆ, ನಾನು ಸೇರ್ಕೊಳ್ಳೋ ವಿಷಯ. ಬೇಜಾರು ಮಾಡ್ಕೋಬೇಡಿ. ಬೇರೆ ಯಾರದಾದ್ರೂ ಕ್ಲಾಸಿಗೆ ಹಾಕ್ಸಿ ಆಯ್ತಾ?' ಎಂದು ಬಹಳ ವಿನಯದಿಂದ ಹೇಳಿದ. ಎವರಿಸ್ಟೊ ತಲೆಯಾಡಿಸಿದ. ಎಡಕ್ಕೂ ಬಲಕ್ಕೂ ನೋಡದೆ ಕಾರು ಹತ್ತಿದ.

ಪಕ್ಕದ ಸೀಟಿನಲ್ಲಿ ಕುಂಬಳಕಾಯಿ ಇಟ್ಟು ಹೊರಟ ಕೂಡಲೇ ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಬನ್ನುಗಳಿದ್ದಾಗ ಸುಮ್ಮನಿತ್ತು, ಈಗಿನ ಭಾರಕ್ಕೆ ಮನುಷ್ಯರೇ ಕೂತಿದ್ದಾರೆಂದು ತಿಳಿದು, ಬೆಲ್ಟ್ ಹಾಕಿ ಎಂದು ಹಟ ಹಿಡಿದಿತ್ತು. ಕಾಲುವೆಯ ಪಕ್ಕ ನಿಲ್ಲಿಸಿ ಅದಕ್ಕೆ ಬೆಲ್ಟ್ ಹಾಕಿದ. ಸದ್ದು ನಿಂತಿತು. ಕೊಕ್ಕರೆಗಳು ಹಾರಿ ಮತ್ತೆ ಅಲ್ಲೇ ಕೂತವು. ಸ್ವಲ್ಪ ದೂರದಲ್ಲಿ ತುಕ್ಕು ಹಿಡಿದ ಒಂದು ತೂಬು, ಅದರ ಮೇಲೆ ಕೈಯಲ್ಲಿ ತಿರುಗಿಸುವ ಚಕ್ರ. ಈ ದಾರಿಯಲ್ಲಿ ಎಷ್ಟೋ ವರ್ಷ ಓಡಾಡಿದ್ದರೂ ಅದು ಅಲ್ಲಿದೆ ಎಂದು ಇವತ್ತೇ ಗೊತ್ತಾಗಿದ್ದು. ಫೋನು ಹೊಡೆದುಕೊಂಡಿತು, ಡೀನ್.

'ಏನಾಯ್ತು? ಒಪ್ಪಿದ್ರಾ?'

ಅಜ್ಜಿ ಬಿಡಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದು ಸಿದ್ಧವಾಗಿ ನಿಂತಿತ್ತು. ಎಷ್ಟು ಸುಲಭ, ಎಷ್ಟು ಅಭ್ಯಾಸವಾದ ಮಾತು. ಡೀನ್ ಕೂಡ ಅದಕ್ಕೇ ಕಾಯುತ್ತಿದ್ದರು. ಅವನು ಪಕ್ಕಕ್ಕೆ ನೋಡಿದ. ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕೂತಿತ್ತು ಕುಂಬಳಕಾಯಿ.

'ಅಜ್ಜಿ ಒಪ್ಪಿದ್ರು. ಹುಡುಗಿ ಬೇಡ ಅಂದ್ಲು' ಎಂದ.

ಹುಡುಗಿ ಬೇಡ ಅನ್ನುವುದಕ್ಕೆ ಏಣಿ ಯೋಜನೆಯಲ್ಲಿ ಯಾವ ಮೆಟ್ಟಿಲೂ ಇರಲಿಲ್ಲ. ಡೀನ್ ನಿಟ್ಟುಸಿರು ಬಿಟ್ಟು, ಒಳ್ಳೆಯ ಹೆಂಗಸಾದ್ದರಿಂದ ಮಾತು ಬದಲಿಸಿದರು. 'ಇರಲಿ ಬಿಡಿ. ಪಾಪ, ಭಾನುವಾರ ನಿಮ್ಮನ್ನ ಓಡಾಡಿಸಿದೆ. ನಿಮ್ಮಜ್ಜಿ ಹೇಗಿದ್ದಾರೆ ಈಗ?'

'ತೀರಿಕೊಂಡ್ರು.'

'ಅಯ್ಯೋ ದೇವರೇ! ಯಾವಾಗ?'

ಉತ್ತರಿಸಲು ಬಾಯಿ ತೆರೆದ. ತೊಮಾಸಾ ಎಂಬ ಹೆಸರು ಮೊದಲು ಬಂತು, ಅಡುಗೆಮನೆ ಬಂತು, ಉಪ್ಪು ಹಿಟ್ಟು ಬಂತು, ಅವಳ ಭಾಷೆಯಲ್ಲಿ ಅವಳಿಗೆ ಒಮ್ಮೆಯೂ ಕೊಡದ ಉತ್ತರಗಳೆಲ್ಲ ಒಟ್ಟಿಗೆ ಬಂದವು. ಡೆನ್ವರ್‌ನಲ್ಲಿ ಬಾರದ ಅಳು ಈಗ ಬಂದಿತು. ಸ್ಟಿಯರಿಂಗಿಗೆ ಹಣೆ ಒತ್ತಿ, ಬಿಳಿ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಅವನು ಬಿಕ್ಕಿ ಬಿಕ್ಕಿ ಅತ್ತ.

'ಹೋಗಿ, ಹೋಗಿ, ಮನೆಗೆ ಹೋಗಿ' ಎನ್ನುತ್ತಿದ್ದರು ಡೀನ್ ಫೋನಿನಲ್ಲಿ. 'ಕುಟುಂಬ ಮೊದಲು.'